ರೊಟ್ಟಿಗೆ ರಸೀದಿ

ಈಜಲು ಬಾರದವರಿದ್ದಾರೆ, ಸೈಕಲ್ ಹೊಡೆಯಲು ಬಾರದವರಿದ್ದಾರೆ, ಹಾಡಲು ಬಾರದಿದ್ದರೂ ಹಾಡುವವರಂತೂ ಊರ ತುಂಬ ಇದ್ದಾರೆ. ನನಗೆ ಬಾರದ ವಿದ್ಯೆ ಒಂದೇ: ಕುಳಿತುಕೊಳ್ಳುವುದು. ಹೀಗೆಂದರೆ ಜನ ನಗುತ್ತಾರೆ. ಕುಳಿತುಕೊಳ್ಳಲು ಬರುವುದೇನಿದೆ, ಕಾಲು ಮಡಚಿದರೆ ಆಯಿತಲ್ಲ ಎನ್ನುತ್ತಾರೆ. ಕಾಲು ಮಡಚುವವರೆಗೆ ನನಗೂ ಬರುತ್ತದೆ. ಕಷ್ಟವಿರುವುದು ಅದರ ಮುಂದೆ. ಕುಳಿತ ಕೂಡಲೇ ಹೊರಗೆ ಏನೋ ನಡೆಯುತ್ತಿದೆ, ನಾನಿಲ್ಲದೆ ನಡೆಯುತ್ತಿದೆ, ಹೋಗಿ ನೋಡದಿದ್ದರೆ ಕೆಟ್ಟೇ ಹೋಗುತ್ತದೆ ಎಂಬ ದಿಗಿಲು ಹತ್ತುತ್ತದೆ. ನನ್ನ ಮದುವೆಯ ದಿನ ಹಂದರದಲ್ಲಿ ಬಾಸಿಂಗ ಕಟ್ಟಿಸಿಕೊಂಡು ಕುಳಿತವನು ನಡುವೆಯೇ ಎದ್ದುಹೋಗಿ, ಬುಂದಿ ಕರಿಯುವವನಿಗೆ ಒಲೆಯ ಉರಿ ಸಣ್ಣಗೆ ಮಾಡಲು ಹೇಳಿ ಬಂದಿದ್ದೆ. ಅಷ್ಟರಲ್ಲಿ ನನ್ನ ಮಾವನವರು ಮದುಮಗ ಓಡಿಹೋದನೆಂದು ತಿಳಿದು ಕಂಬ ಹಿಡಿದು ನಿಂತುಬಿಟ್ಟಿದ್ದರು. ನನ್ನವ್ವ ಅವರನ್ನು ಸಮಾಧಾನ ಮಾಡಿದ್ದು ಹೀಗೆ: "ಹೆದರಬ್ಯಾಡ್ರಿ ಬೀಗರ, ಅವ ಓಡಿ ಹೋಗಾವಲ್ಲ, ಹೊಟ್ಟ್ಯಾಗಿದ್ದಾಗೂ ಹಿಂಗ ಒಂದ ಕಡೆ ಇರತಿರಲಿಲ್ಲ."

ಇಂಥವನಿಗೆ ದೇವರು ಹೇಳಿ ಮಾಡಿಸಿದಂಥ ನೌಕರಿಯನ್ನೇ ಕೊಟ್ಟಿದ್ದ. ಹಾನಗಲ್ಲಿನಲ್ಲಿ ಒಂದು ಸಣ್ಣ ಧರ್ಮಸಂಸ್ಥೆ, ಅದರದೊಂದು ಹೆಣ್ಣುಮಕ್ಕಳ ಬೋರ್ಡಿಂಗು. ಹೈಸ್ಕೂಲು ಇಲ್ಲದ ಹಳ್ಳಿಗಳ ಹುಡುಗಿಯರು ಅಲ್ಲಿದ್ದು ಓದುತ್ತಿದ್ದರು. ನಾನು ಅದರ ಮ್ಯಾನೇಜರು. ಮ್ಯಾನೇಜರೆಂದರೆ ಕೈಕೆಳಗೆ ಜನವಿದ್ದಾರೆಂದು ತಿಳಿಯಬೇಡಿ. ಕಚೇರಿಯಲ್ಲಿ ನಾನೊಬ್ಬ, ಅಡಿಗೆಮನೆಯಲ್ಲಿ ಫಕೀರವ್ವ ಒಬ್ಬಳು, ಇಬ್ಬರ ತಲೆಯ ಮೇಲೂ ಕಾರ್ಯದರ್ಶಿ ಅಕ್ಕೋರು. ಅಕ್ಕೋರು ಕನ್ಯಾಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಸಂಬಳ ಮಾತ್ರ, ದನಿ ಹಾಗೇ ಉಳಿದಿತ್ತು. ನನ್ನ ಕೆಲಸ ಊರೂರು ತಿರುಗಿ ಬೋರ್ಡಿಂಗಿಗೆ ಜೋಳ, ಬೇಳೆ, ಖಾರ ಎತ್ತುವುದು. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರಸಾಬರು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಶಿಗ್ಗಾಂವಿಯ ದಲಾಲರು ಬರೀ ಚಹಾ ಕುಡಿಸಿ ಬಿಟ್ಟುಬಿಡುತ್ತಿದ್ದರು. ಹೇಗಿದ್ದರೂ ಬಸ್ಸಿನಲ್ಲಿ ಇರುತ್ತಿದ್ದೆನಲ್ಲ, ಸುಖವಾಗಿದ್ದೆ. ಬಸ್ಸಿನಲ್ಲಿ ಕುಳಿತರೂ ಅದು ಕುಳಿತ ಲೆಕ್ಕವಲ್ಲ.

ಎತ್ತುವುದರಲ್ಲಿ ದೊಡ್ಡದು ರೊಟ್ಟಿ. ಹಾನಗಲ್ಲಿನದು ಕೆರೆ-ಗದ್ದೆಗಳ ಸೀಮೆ, ಇಲ್ಲಿಯವರು ಅಕ್ಕಿ ಉಂಡು ಬೆಳೆದವರು. ನಮ್ಮ ಹುಡುಗಿಯರು ಹಿರೇಕೆರೂರು, ಸವಣೂರು, ಶಿಗ್ಗಾಂವಿ ಕಡೆಯವರು, ಜೋಳದ ಹೊಟ್ಟೆಯವರು. ಅನ್ನ ಉಂಡು ಕೈ ತೊಳೆಯುವುದರೊಳಗೆ ಅವರಿಗೆ ಮತ್ತೆ ಹಸಿವು. ಆದ್ದರಿಂದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತಮ್ಮ ಮನೆಗೆ ರೊಟ್ಟಿ ಬಡಿಯುವಾಗಲೇ ಬೋರ್ಡಿಂಗಿಗೆಂದು ನಾಲ್ಕು ಹೆಚ್ಚು ಬಡಿದು, ಕಟಕಟ ಒಣಗಿಸಿ, ಓಣಿಗೊಂದು ಬುಟ್ಟಿಯಂತೆ ತುಂಬಿ ಬಟ್ಟೆ ಕಟ್ಟಿ ಬಸ್ಸಿನಲ್ಲಿ ಇಡುತ್ತಿದ್ದರು. ಹಂಸಭಾವಿಯಿಂದ ಒಂದು, ತಡಸದಿಂದ ಒಂದು, ಹೀಗೆ ವಾರವಾರ ಬುಟ್ಟಿಗಳು ಬರುತ್ತಿದ್ದವು. ರೊಟ್ಟಿಯ ಬುಟ್ಟಿಗೆ ಯಾವ ಕಂಡಕ್ಟರನೂ ಟಿಕೀಟು ಕೇಳಿದ್ದನ್ನು ನಾನು ಕಾಣೆ. ಫಕೀರವ್ವ ರೊಟ್ಟಿ ತೆಗೆದುಕೊಂಡು ಮರುದಿನ ಬುಟ್ಟಿ ತಿರುಗಿ ಕಳಿಸುವಾಗ ಹಿತ್ತಲಿನ ಕರಿಬೇವಿನ ಎಸಳೋ ನಿಂಬೆಹಣ್ಣೋ, ಏನೂ ಇಲ್ಲದಿದ್ದರೆ ಹಿಡಿ ಚುರುಮುರಿಯೋ, ಒಂದಿಷ್ಟು ಒಳಗಿಟ್ಟು ಬಟ್ಟೆ ಕಟ್ಟುತ್ತಿದ್ದಳು. ಇದು ಹೀಗೆ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು. ಚೆನ್ನಾಗಿ ನಡೆದಿರುವುದನ್ನು ಕಂಡರೆ ನನ್ನಂಥವನಿಗೆ ಕೈ ತುರಿಸುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಮುಂಬಯಿಯಿಂದ ನಮಗೊಂದು ಕಂಪ್ಯೂಟರು ಬಂತು. ನಮ್ಮ ಖರ್ಚಿನ ಅರ್ಧಭಾಗವನ್ನು ಅಲ್ಲಿಯ ಒಂದು ದೊಡ್ಡ ಸಂಸ್ಥೆ ಕೊಡುತ್ತಿತ್ತು. ಅವರ ಅಧಿಕಾರಿಗಳಿಗೆ ಒಮ್ಮೆಲೇ ಹೊಳೆದಿತ್ತು: ದಾನ ಕೊಡುವವರ ವಿವರವೆಲ್ಲ ಕಂಪ್ಯೂಟರಿನಲ್ಲಿ ಇರಬೇಕು, ಯಾರು ಕೊಟ್ಟರು, ಏನು ಕೊಟ್ಟರು, ಯಾರು ಕೊಡುವುದನ್ನು ನಿಲ್ಲಿಸಿದರು ಎಂಬುದು ಕೀಲಿ ಒತ್ತಿದರೆ ತಿಳಿಯಬೇಕು. ಅದಕ್ಕೆಂದೇ ಒಂದು ಪ್ರೋಗ್ರಾಮು ಬರೆಯಿಸಿ ಪೆಟ್ಟಿಗೆಯ ಜೊತೆ ಕಳಿಸಿದ್ದರು. ಅದನ್ನು ಬಳಸದ ಬೋರ್ಡಿಂಗಿಗೆ ಮುಂದಿನ ವರ್ಷದಿಂದ ಹಣವಿಲ್ಲ ಎಂಬ ಪತ್ರವೂ ಇತ್ತು. ಕಾಳಿನ ಖೋಲಿಯನ್ನು ಖಾಲಿ ಮಾಡಿ, ಸುಣ್ಣ ಹೊಡೆದು, ಮಣೆಯಂಥ ಮೇಜಿನ ಮೇಲೆ ಅದನ್ನು ಪ್ರತಿಷ್ಠಾಪಿಸಿದೆವು. ಫಕೀರವ್ವ ಕುಂಕುಮ ಹಚ್ಚಲು ಬಂದವಳು ಯಾವುದು ಮುಖ, ಯಾವುದು ಬೆನ್ನು ಎಂದು ತಿಳಿಯದೆ ಎರಡೂ ಕಡೆ ಹಚ್ಚಿದಳು. ಅಕ್ಕೋರು ನನ್ನ ಕಡೆ ತಿರುಗಿ, "ಮ್ಯಾನೇಜರ್ರ, ನೀವು ಕಲೀರಿ. ನೀವು ಕಲೀದಿದ್ರ ಅವರು ಕಲಿತವರನ್ನ ಕಳಸ್ತಾರ, ಆಮ್ಯಾಲೆ ನೀವು ಮನ್ಯಾಗ ಕುಂದರಬೇಕಾಕ್ಕತಿ" ಎಂದರು. ಕುಂದರಬೇಕು ಎಂಬ ಮಾತು ಕೇಳಿದ್ದೇ ಕಲಿಯುತ್ತೇನೆಂದು ಒಪ್ಪಿಬಿಟ್ಟೆ.

ಹುಬ್ಬಳ್ಳಿಯಿಂದ ಕಲಿಸಲು ಬಂದವರು ಕುಲಕರ್ಣಿ ಎಂಬ ಕಿರಿಯ ಗೃಹಸ್ಥರು. ಬಹಳ ತಾಳ್ಮೆಯವರು, ಬಂದಾಗ ಇದ್ದಷ್ಟು ತಾಳ್ಮೆ ಹೋಗುವಾಗ ಇರಲಿಲ್ಲ, ಅದು ಬೇರೆ ಮಾತು. ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿದವನು, ಹಳೆಯ ಟೈಪರೈಟರಿನ ಕೀಲಿಗಳನ್ನು ಗುದ್ದಿ ಗುದ್ದಿ ಬೆರಳು ಗಟ್ಟಿ ಮಾಡಿಕೊಂಡವನು. ಈ ಯಂತ್ರದ ಕೀಲಿಯನ್ನು ಹಾಗೆ ಒತ್ತಿ ಹಿಡಿದರೆ ಒಂದು ಅಕ್ಷರದ ಬದಲು ಅಕ್ಷರದ ಮೆರವಣಿಗೆಯೇ ಹೊರಟುಬಿಡುತ್ತಿತ್ತು. "ಸಾವಕಾಶ ಒತ್ತರಿ ಸರ, ಅದೇನು ಓಡಿ ಹೋಗೂದಿಲ್ಲ" ಎಂದು ಕುಲಕರ್ಣಿಯವರು ಕೈಮುಗಿಯುತ್ತಿದ್ದರು. ಅದು ಓಡಿಹೋಗುವುದಿಲ್ಲ ಎಂಬುದೇ ನನ್ನ ಸಂಕಟವಾಗಿತ್ತು. ಒಂದು ಕೆಲಸ ಹೇಳಿದರೆ ಅದು ಹಸಿರು ಪರದೆಯ ಮೇಲೆ ಮಿಣಮಿಣ ಮಿನುಗುತ್ತ ಯೋಚನೆಗೆ ಕೂಡುತ್ತಿತ್ತು. ಅದು ಯೋಚಿಸುವಾಗ ನಾನೇಕೆ ಕಾಯಲಿ? ಎದ್ದು ಹೋಗಿ ಅಡಿಗೆಮನೆಯಲ್ಲಿ ಸಾರಿನ ರುಚಿ ನೋಡುತ್ತಿದ್ದೆ, ಹುಬ್ಬಳ್ಳಿ ಬಸ್ಸು ಬಂತೋ ಇಲ್ಲವೋ ಎಂದು ಸ್ಟ್ಯಾಂಡಿನ ತನಕ ಹೋಗಿ ಬರುತ್ತಿದ್ದೆ. ತಿರುಗಿ ಬಂದು ನೋಡಿದರೆ ಅದು ಯಾವಾಗಲೋ ಯೋಚನೆ ಮುಗಿಸಿ, 'ಖಾತ್ರಿಯೇ? ಹೌದು ಅಥವಾ ಇಲ್ಲ' ಎಂದು ಇಂಗ್ಲಿಷಿನಲ್ಲಿ ಕೇಳಿ, ನನ್ನ ಉತ್ತರಕ್ಕಾಗಿ ಕಾಯುತ್ತಿರುತ್ತಿತ್ತು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಶಾಲೆಗೆ ಹಾಕುವಾಗ ಕೇಳಲಿಲ್ಲ, ಮದುವೆ ಮಾಡುವಾಗ ಕೇಳಲಿಲ್ಲ, ಈ ನೌಕರಿಗೆ ಹಚ್ಚುವಾಗಲೂ ಕೇಳಲಿಲ್ಲ. ರೂಢಿ ಇಲ್ಲದ್ದರಿಂದ ಗಾಬರಿಯಾಗಿ ಪ್ರತಿಸಲವೂ 'ಹೌದು' ಒತ್ತಿಬಿಡುತ್ತಿದ್ದೆ. ಎರಡು ಸಲ ಬರೆದಿಟ್ಟದ್ದೆಲ್ಲ ಅಳಿಸಿಹೋದದ್ದು ಹಾಗೆಯೇ.

ಕುಲಕರ್ಣಿಯವರು ಹೋದ ಮೇಲೆ ಮಾತ್ರ ನಾನು ನಿಜವಾಗಿ ಕಲಿತೆ. ಗುರು ಎದುರಿಗಿದ್ದರೆ ನಾಚಿಕೆ, ಇಲ್ಲದಿದ್ದರೆ ಹಟ. ಕರೆಂಟು ಹೋದಾಗಲೆಲ್ಲ ಬರೆದದ್ದು ಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಮೆಲ್ಲಗೆ ದಾನಿಗಳೆಲ್ಲ ಒಳಗೆ ಸೇರಿದರು. ಪ್ರತಿಯೊಬ್ಬರಿಗೂ ಒಂದು ನಂಬರು. ನಂಬರು ಒತ್ತಿದರೆ ಹಂಸಭಾವಿಯ ನೀಲವ್ವ ಪರದೆಯ ಮೇಲೆ ಹಾಜರು! ನಾನು ಊರೂರು ಅಲೆದು ಕಾಣಬೇಕಾದವರನ್ನೆಲ್ಲ ಆ ಪೆಟ್ಟಿಗೆ ಕಾಳಿನ ಖೋಲಿಗೇ ಕರೆತರುತ್ತಿತ್ತು. ಮೊದಲ ಬಾರಿಗೆ ಒಂದಿಷ್ಟು ಹೊತ್ತು ಕುಳಿತೆ ಎಂದೂ ಹೇಳಬಹುದು. ಊರೂರು ತಿರುಗುವುದು ಕಡಿಮೆಯಾಯಿತು. ಖಾದರಸಾಬರು ಒಮ್ಮೆ ಯಾರದೋ ಕೈಯಲ್ಲಿ, "ಮ್ಯಾನೇಜರ್ರಿಗೆ ಆರಾಮ ಇಲ್ಲೇನು, ಚಾ ತಣ್ಣಗಾಗಾಕತ್ತೇತಿ" ಎಂದು ಹೇಳಿಕಳಿಸಿದರು. ನಾನು ಕಂಪ್ಯೂಟರಿನವನಾಗಿದ್ದೆ, ಚಹಾಕ್ಕೆ ಪುರುಸೊತ್ತೆಲ್ಲಿ?

ಎಲ್ಲ ಸರಿಯಾಗಿ ಹೋಗಿ ಬಂಡಿ ಸಿಕ್ಕಿಬಿದ್ದದ್ದು ರೊಟ್ಟಿಯಲ್ಲಿ. ಪ್ರೋಗ್ರಾಮಿನಲ್ಲಿ ದಾನದ ಮುಂದೆ 'ಮೊತ್ತ' ಎಂಬ ಮನೆಯೊಂದಿತ್ತು. ಅಲ್ಲಿ ರೂಪಾಯಿ ತುಂಬದೆ ಮುಂದಕ್ಕೆ ಹೋದರೆ ಯಂತ್ರ ಪೀಂ ಎಂದು ಕಿರುಚುತ್ತಿತ್ತು. ರೊಟ್ಟಿ ಎಂದು ಬರೆದರೆ ಪೀಂ, ಸೊನ್ನೆ ಹಾಕಿದರೆ ಪೀಂ. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿ ಕೇಳಿದರೆ ಕುಲಕರ್ಣಿಯವರು, "ಪ್ಯಾಟಿ ದರ ಹಿಡದು ಹಾಕರಿ ಸರ" ಎಂದು ಫೋನು ಇಟ್ಟರು. ಬೇರೆಯವರಾಗಿದ್ದರೆ ಬಾಯಿಗೆ ಬಂದ ಒಂದು ಅಂಕಿ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ನಾನು ಪ್ರಾಮಾಣಿಕ. ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಹೋಗಿ ರೊಟ್ಟಿಯ ದರ ವಿಚಾರಿಸಿದೆ. ಮಾಲೀಕ ನನ್ನ ಮುಖ ನೋಡಿ ಮರುಕದಿಂದ, "ಯಾಕ್ರಿ ಮ್ಯಾನೇಜರ್ರ, ಮನ್ಯಾಗ ಏನರ ಆತೇನು?" ಎಂದ. ಅಲ್ಲಿಗೂ ಬಿಡಲಿಲ್ಲ. ಎಲ್ಲ ರೊಟ್ಟಿಯೂ ಒಂದೇ ಅಲ್ಲವಲ್ಲ! ಹೆಂಡತಿಯ ಹೊಲಿಗೆಯ ಟೇಪು ತಂದು ಅಡಿಗೆಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅಳೆದೆ. ತಡಸದ್ದು ಅಗಲ, ಅದಕ್ಕೆ ಎಂಟಾಣೆ. ಹಂಸಭಾವಿಯದು ತೆಳ್ಳಗೆ, ಅದಕ್ಕೆ ನಾಲ್ಕಾಣೆ. ಬಸ್ಸಿನಲ್ಲಿ ಕುಲುಕಿ ಮುರಿದದ್ದಕ್ಕೆ ಅರ್ಧ ದರ. ಫಕೀರವ್ವ ಒಲೆಯ ಮುಂದಿನಿಂದ, "ಇದೇನ್ರಿ, ರೊಟ್ಟಿಗೆ ಅಂಗಿ ಹೊಲಸ್ತೀರೇನು?" ಎಂದಳು. ಆಧುನಿಕ ವ್ಯವಸ್ಥೆ ಅವಳಿಗೆ ಹೇಗೆ ತಿಳಿಯಬೇಕು ಎಂದುಕೊಂಡು ಮುಂದಿನ ರೊಟ್ಟಿಗೆ ಟೇಪು ಹಿಡಿದೆ.

ಮೊತ್ತ ತುಂಬಿದ ಕೂಡಲೇ ಪ್ರೋಗ್ರಾಮು ತಾನೇ ಒಂದು ರಸೀದಿ ಹೊಡೆಯುತ್ತಿತ್ತು. ಕರ್ರ್ ಕರ್ರ್ ಎಂದು ಪ್ರಿಂಟರು ಕೂಗಿ, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದವನ್ನು ಹೊರಗೆ ಹಾಕುವುದನ್ನು ನೋಡಲು ಹುಡುಗಿಯರು ಕಿಟಕಿಗೆ ಮುತ್ತುತ್ತಿದ್ದರು. ಇಷ್ಟು ರೊಟ್ಟಿ, ಇದರಲ್ಲಿ ಮುರಿದದ್ದು ಇಷ್ಟು, ಕಡಿತ ಇಷ್ಟು, ಒಟ್ಟು ಬೆಲೆ ಇಷ್ಟು, ಪೂರ್ತಿಯಾಗಿ ಸಂದಾಯವಾಗಿದೆ, ವಂದನೆಗಳು, ಕೆಳಗೆ ನನ್ನ ಸಹಿ. ಎಲ್ಲವೂ ಇಂಗ್ಲಿಷಿನಲ್ಲಿ. ಅಂಚೆಗೆ ಹಾಕಿದರೆ ಖರ್ಚು, ಆದ್ದರಿಂದ ಬುಟ್ಟಿಯಲ್ಲೇ ಇಟ್ಟು ಕಳಿಸುವುದೆಂದು ಗೊತ್ತುಮಾಡಿದೆ. ಕರಿಬೇವು ಇಟ್ಟರೆ ಕಾಗದ ಒದ್ದೆಯಾಗುತ್ತದೆ, ನಿಂಬೆಹಣ್ಣು ಇಟ್ಟರೆ ಸುಕ್ಕಾಗುತ್ತದೆ. "ಇನ್ನ ಮ್ಯಾಲೆ ಅವೇನೂ ಬ್ಯಾಡ, ರಸೀದಿ ಅಷ್ಟ ಇಡು" ಎಂದು ಫಕೀರವ್ವನಿಗೆ ಅಪ್ಪಣೆ ಮಾಡಿದೆ. ಅವಳು ಏನೋ ಹೇಳಲು ಬಾಯಿ ತೆಗೆದಳು. ಕೇಳಿಸಿಕೊಳ್ಳಲು ನಾನು ಅಲ್ಲಿ ನಿಂತಿದ್ದರಲ್ಲವೇ?

ಮೊದಲ ಪೆಟ್ಟು ಬಿದ್ದದ್ದು ಮನೆಯಲ್ಲಿ. ನನ್ನ ಹೆಂಡತಿ ಗಿರಿಜಾ ಕೂಡ ಬೋರ್ಡಿಂಗಿಗೆ ರೊಟ್ಟಿ ಕೊಡುತ್ತಿದ್ದಳು. ಮನೆಯವಳೆಂದು ಬಿಟ್ಟರೆ ಪಕ್ಷಪಾತವಾಗುತ್ತದೆ, ಅವಳಿಗೂ ಒಂದು ನಂಬರು ಕೊಟ್ಟಿದ್ದೆ, ಅವಳ ರಸೀದಿಯನ್ನು ನಾನೇ ಕೈಯಾರೆ ತಂದುಕೊಟ್ಟೆ. ಅವಳು ಎಸ್ಸೆಸ್ಸೆಲ್ಸಿ ಓದಿದವಳು, ಇಂಗ್ಲಿಷು ಕೂಡಿಸಿ ಕೂಡಿಸಿ ಓದಿದಳು. ನಾನು ಜಗಳಕ್ಕೆ ಸಿದ್ಧನಾಗಿ ನಿಂತಿದ್ದೆ. ಜಗಳವೇನೂ ಆಗಲಿಲ್ಲ. "ಮುರುಕಿಗೆ ಅರ್ಧ ಅಂತೀರೇನ್ರಿ?" ಎಂದಷ್ಟೇ ಕೇಳಿ ರಸೀದಿಯನ್ನು ಮಡಚಿ ಡಬ್ಬಿಯ ಕೆಳಗಿಟ್ಟಳು. ಅಂದಿನಿಂದ ನನ್ನ ತಾಟಿಗೆ ಬರೀ ಮುರಿದ ರೊಟ್ಟಿ ಬೀಳತೊಡಗಿತು. ಮನೆಯಲ್ಲಿ ಅಷ್ಟು ರೊಟ್ಟಿ ಮುರಿಯುವುದು ಸಾಧ್ಯವೇ ಎಂದು ಒಮ್ಮೆ ಇಣುಕಿ ನೋಡಿದೆ. ಅವಳು ಇಡೀ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದು ತಾಟಿಗೆ ಹಾಕುತ್ತಿದ್ದಳು. ಇದನ್ನು ನಾನು ಹೆಂಗಸರ ಸಿಟ್ಟೆಂದು ತಿಳಿದು, ತಾನಾಗಿ ಇಳಿಯಲೆಂದು ಬಿಟ್ಟೆ.

ಆಮೇಲೆ ಬುಟ್ಟಿಗಳು ಬರುವುದು ನಿಂತಿತು. ಮೊದಲು ಹಂಸಭಾವಿಯದು, ಅದರ ಹಿಂದೆಯೇ ತಡಸದ್ದು, ನೋಡುನೋಡುತ್ತ ಎಲ್ಲ ಊರಿನವೂ, ನಮ್ಮ ಮನೆಯದೂ. ನಾನು ಸಂಜೆಯಾದರೆ ಸ್ಟ್ಯಾಂಡಿಗೆ ಓಡುತ್ತಿದ್ದೆ. ಬಸ್ಸು ನಿಲ್ಲುವುದರೊಳಗೆ ಕಂಡಕ್ಟರು ಕೈಯಾಡಿಸಿ, "ಇಲ್ರಿ ಇಲ್ರಿ, ಇವತ್ತೂ ಇಲ್ಲ" ಎನ್ನುತ್ತಿದ್ದ. ಆದರೂ ಬಸ್ಸಿನ ತಲೆಯ ಮೇಲೆ ಹತ್ತಿ ನೋಡಿ ಇಳಿಯುತ್ತಿದ್ದೆ. ಅಷ್ಟು ಜನಕ್ಕೆ ರೊಟ್ಟಿ ಬಡಿಯುವುದು ಫಕೀರವ್ವನೊಬ್ಬಳ ಕೈಯಲ್ಲಿ ಆಗದ್ದು, ಬೋರ್ಡಿಂಗಿನಲ್ಲಿ ಎರಡು ಹೊತ್ತೂ ಅನ್ನ. ಹುಡುಗಿಯರು ಶಾಲೆಯಲ್ಲಿ ಬೇಗ ಹಸಿದು ಹುಣಸೆಹಣ್ಣು ಚೀಪುತ್ತಾರೆ, ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾರೆ ಎಂದು ಹೈಸ್ಕೂಲಿನವರು ಹೇಳಿಕಳಿಸಿದರು. ರಟ್ಟೀಹಳ್ಳಿ ಕಡೆಯ ಒಬ್ಬ ಹುಡುಗಿಯ ಅಪ್ಪ ಸಂತೆಗೆ ಬಂದವನು ಮಗಳನ್ನು ನೋಡಿ, "ಹುಡುಗಿ ಸೊರಗ್ಯಾಳ್ರಿ. ಓದು ಸಾಕು, ಕರಕೊಂಡು ಹೊಕ್ಕೇನಿ" ಎಂದು ಟ್ರಂಕು ಕಟ್ಟಿಸಿಯೇ ಬಿಟ್ಟ. ಹೆಣ್ಣುಹುಡುಗಿಯ ಓದು ಬಿಡಿಸಲು ನಮ್ಮ ಕಡೆ ಅಪ್ಪಂದಿರಿಗೆ ಒಂದು ನೆಪ ಸಿಕ್ಕರೆ ಸಾಕು, ಅದನ್ನು ನಾನೇ ಒದಗಿಸಿದ್ದೆ. ಅಕ್ಕೋರು ತಮ್ಮ ನಿವೃತ್ತಿಯಾಗದ ದನಿಯಲ್ಲಿ ಅವನನ್ನು ಗದರಿಸಿ, ಮುಂದಿನ ಸಂತೆಯವರೆಗೆ ಗಡುವು ಪಡೆದರು. ಅವನು ಹೋದ ಮೇಲೆ ನನ್ನ ಕಡೆಗೊಮ್ಮೆ ನೋಡಿ, ಟ್ರಂಕನ್ನು ತಾವೇ ಒಳಗೆ ಎಳೆದರು.

ಆ ಹೊತ್ತಿನಲ್ಲೂ ನನಗೆ ನಂಬಿಕೆ ಇದ್ದದ್ದು ಪೆಟ್ಟಿಗೆಯ ಮೇಲೆಯೇ. ಕೊಡುವುದನ್ನು ನಿಲ್ಲಿಸಿದವರಿಗಾಗಿ ಪ್ರೋಗ್ರಾಮಿನಲ್ಲಿ ಬೇರೆ ವ್ಯವಸ್ಥೆ ಇತ್ತು. ಕೀಲಿ ಒತ್ತಿದೆ. ನೀಲವ್ವನಿಂದ ಹಿಡಿದು ಗಿರಿಜೆಯವರೆಗೆ ಎಲ್ಲರ ಹೆಸರೂ ಸಾಲಾಗಿ ಬಂದವು. ಜೊತೆಗೆ ಅವರಿಗೆ ಕಳಿಸಲು ಸಿದ್ಧಪಡಿಸಿಟ್ಟ ಪತ್ರವೂ ಹೊರಬಂತು. 'ನೀವಿಲ್ಲದೆ ನಮಗೆ ಬಹಳ ಬೇಸರವಾಗಿದೆ, ನಿಮ್ಮನ್ನು ದಿನವೂ ನೆನೆಯುತ್ತೇವೆ, ದಯಮಾಡಿ ಮರಳಿ ಬನ್ನಿ' ಎಂದು ಇಂಗ್ಲಿಷಿನಲ್ಲಿ ಗೋಗರೆದು, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು. ಮುಂಬಯಿಯಲ್ಲಿ ಇಂಥ ಪತ್ರಗಳು ನಡೆಯುತ್ತವೆಯೋ ಏನೋ. ಹಂಸಭಾವಿಯ ಒಂದು ಓಣಿಯ ಎಲ್ಲ ಹೆಣ್ಣುಮಕ್ಕಳಿಗೂ ನಾನು ಇಂಥ ಪತ್ರ ಬರೆದರೆ ಅವರ ಗಂಡಂದಿರು ಬಾರುಕೋಲು ಹಿಡಿದು ಮೊದಲ ಬಸ್ಸಿಗೇ ಬರುತ್ತಿದ್ದರು. 'ಖಾತ್ರಿಯೇ?' ಎಂದು ಯಂತ್ರ ಕೇಳಿತು. ಜೀವಮಾನದಲ್ಲಿ ಮೊದಲ ಸಲ 'ಇಲ್ಲ' ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಹಂಸಭಾವಿಯ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ರೊಟ್ಟಿಗೆ ಬೆಲೆ ಕಟ್ಟಿದ್ದು ತಪ್ಪು, ಅಳೆದದ್ದು ತಪ್ಪು, ಮುರಿದದ್ದಕ್ಕೆ ಕಡಿದದ್ದು ಮಹಾತಪ್ಪು. ನೀಲವ್ವ ಎಂದರೆ ಆ ಓಣಿಯ ಹಿರಿಯಳು, ಅವಳು ಹೂಂ ಎಂದರೆ ಇಪ್ಪತ್ತು ಒಲೆಗಳು ಹೊತ್ತುತ್ತಿದ್ದವು. ಬೈಯುತ್ತಾಳೆಂದು ಹೋದರೆ ಬಾಗಿಲಲ್ಲೇ, "ಬರ್ರಿ ಬರ್ರಿ, ಎಷ್ಟು ದಿವಸ ಆತು ಈ ಕಡೆ ಬಂದು" ಎಂದು ನಗುತ್ತ ಕರೆದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ, ಕೆನೆಮೊಸರು. ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ಸುಳಿದಾಡುತ್ತ ತಾಟು ಕೈಯಲ್ಲೇ ಹಿಡಿದುಕೊಂಡಿದ್ದೆ. "ಕುಂದರ್ರಿ" ಎಂದಳು ನೀಲವ್ವ, "ನಿಂತು ತಿನ್ನಾಕ ನೀವೇನು ಕುದುರಿಯೇನು?"

ಕುಳಿತೆ. "ನೀಲಕ್ಕಾ, ಆ ರಸೀದಿ ನೋಡಿ ಸಿಟ್ಟಾಗಿರೇನು? ತಪ್ಪಾತು, ಹುಡುಗ್ಯಾರ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ" ಎಂದೆ.

"ಸಿಟ್ಟ್ಯಾಕ್ರಿ?" ನೀಲವ್ವನಿಗೆ ಆಶ್ಚರ್ಯ. "ಬುಟ್ಟಿಯೊಳಗ ಇಂಗ್ಲಿಷ್ ಕಾಗದ ಬಂತು. ಸೊಸೈಟಿ ಸಾಲದ ನೋಟೀಸು ಇರಬೇಕು ಅಂತ ಹೆದರಿ ಮಾಸ್ತರ ಕಡೆ ಓದಿಸಿದಿವಿ. ಮಾಸ್ತರು, ನಿಮ್ಮ ಲೆಕ್ಕ ಚುಕ್ತಾ ಆಗೇತಿ ಅಂತ ಬರದಾರ ಅಂದ್ರು. ಬುಟ್ಟಿನೂ ಖಾಲಿ ಬಂತು. ಚುಕ್ತಾ ಅಂದ ಮ್ಯಾಲೆ, ಬುಟ್ಟಿ ಖಾಲಿ ಬಂದ ಮ್ಯಾಲೆ, ಮತ್ಯಾಕ ಕಳಸೂದ್ರಿ? ಪಾಪ, ಹುಡುಗ್ಯಾರಿಗೆ ಅನ್ನ ರೂಢಿ ಆಗಿರಬೇಕು, ನಮ್ಮ ರೊಟ್ಟಿ ಸಾಕಾಗಿರಬೇಕು, ಬಾಯಿಬಿಟ್ಟು ಬ್ಯಾಡ ಅನ್ನಾಕ ನಾಚಿಕಿ, ಅದಕ್ಕ ಹಿಂಗ ಹೇಳ್ಯಾರ ಅನಕೊಂಡ್ವಿ. ತಡಸದಾಗೂ ಹಂಗ ಅಂದ್ರಂತ."

ನಾನು ತಾಟು ಕೆಳಗಿಟ್ಟೆ. ಖಾಲಿ ಪಾತ್ರೆ ತಿರುಗಿ ಕಳಿಸಿದರೆ ಇನ್ನು ಸಾಕು ಎಂದರ್ಥ. ಇದು ನನಗೆ ಗೊತ್ತಿಲ್ಲದ ಮಾತೇ? ನನ್ನವ್ವ ನೆರೆಮನೆಯ ಸಾರಿನ ಬಟ್ಟಲು ತಿರುಗಿ ಕೊಡುವಾಗ ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ನಾಲ್ಕು ಹರಳು ಉಪ್ಪನ್ನಾದರೂ ಹಾಕಿ ಕೊಡುತ್ತಿದ್ದಳು. ನಾನು ಹಂಸಭಾವಿಯಿಂದ ತಡಸದ ತನಕ ಇಡೀ ಸೀಮೆಗೆ ನಿಮ್ಮ ರೊಟ್ಟಿ ಸಾಕು ಎಂದು ಡಂಗುರ ಸಾರಿ, ಸಹಿ ಹಾಕಿ ಕಳಿಸಿದ್ದೆ. ಅವರು ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಅವರು ನಮ್ಮ ಮಾತು ಕೇಳಿ ಸುಮ್ಮನಿದ್ದರಲ್ಲ, ಅದು ಚುಚ್ಚಿತು. "ಸಾಕಾಗಿಲ್ಲಕ್ಕಾ, ಹುಡುಗ್ಯಾರು ಹಸದಾವ" ಎಂದೆ. ರಟ್ಟೀಹಳ್ಳಿ ಕಡೆಯ ಹುಡುಗಿಯ ಟ್ರಂಕಿನ ಕತೆಯನ್ನೂ ಹೇಳಿದೆ.

ನೀಲವ್ವ ಕೈಯಲ್ಲಿದ್ದ ಚಂಬನ್ನು ಕೆಳಗಿಟ್ಟಳು. "ಹಸದಾವ?" ಎಂದಳು. ಹಿತ್ತಲ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ನಾಲ್ಕು ಹೆಸರು ಕೂಗಿದಳು. ಹೆಣ್ಣುಮಕ್ಕಳು ಸೆರಗಿಗೆ ಕೈ ಒರೆಸುತ್ತ ಬಂದರು, ಸುದ್ದಿ ಕೇಳಿ ಬಾಯಿಯ ಮೇಲೆ ಕೈಯಿಟ್ಟರು. ಒಬ್ಬಳು ಮಾತ್ರ, "ಮುರದದ್ದು ಸರಕಾರದ ಬಸ್ಸಿನ್ಯಾಗ, ರೊಕ್ಕ ಕಡದದ್ದು ನಮ್ಮ ಹೆಸರಿನ್ಯಾಗ" ಎಂದು ಗೊಣಗಿಯೇ ಹಿಟ್ಟು ನಾದಲು ಹೋದಳು. ರೊಟ್ಟಿ ಬಡಿಯುವ ಸಪ್ಪಳ ಮನೆಮನೆಯಿಂದ ಏಳತೊಡಗಿತು. ಅದನ್ನು ಕೇಳುತ್ತ ನಾನು ಕಂಬಕ್ಕೊರಗಿ ಕುಳಿತೇ ಇದ್ದೆ, ಎದ್ದುಹೋಗಬೇಕೆಂದು ಅನಿಸಲಿಲ್ಲ.

ಬಟ್ಟೆ ಕಟ್ಟಿದ ಬುಟ್ಟಿಯನ್ನು ನನ್ನ ತೊಡೆಯ ಮೇಲಿಡುತ್ತ ನೀಲವ್ವ ಕೇಳಿದಳು: "ನಿಮ್ಮ ಆ ಮಿಶನ್ನು ರೊಟ್ಟಿ ಕೊಟ್ಟವರ ಹೆಸರು ಇಟಗೋತೈತಂತ. ತಿಂದವರ ಹೆಸರು ಇಟಗೋತೈತೇನ್ರಿ?"

"ಅದು ಅದರಾಗ ಇಲ್ಲಕ್ಕಾ" ಎಂದೆ.

"ನಮಗ ನಮ್ಮ ಹೆಸರು ಗೊತ್ತೈತಲ್ರಿ, ಅದನ್ನ ಯಾಕ ಬರದು ಕಳಸ್ತೀರಿ? ಯಾರು ತಿಂದ್ರು ಅಂತ ಹೇಳ್ರಿ. ಆ ಟ್ರಂಕು ಕಟ್ಟಿದ ಹುಡುಗಿ ಐತಲ್ಲ, ಅದರ ಹೆಸರೇನು?"

ನನಗೆ ನೀಲವ್ವನ ನಂಬರು ಗೊತ್ತಿತ್ತು, ಅವಳ ರೊಟ್ಟಿಯ ಅಗಲ ಗೊತ್ತಿತ್ತು. ಆ ಹುಡುಗಿ ವರ್ಷಗಟ್ಟಲೆ ನನ್ನ ಕಿಟಕಿಯ ಮುಂದೆಯೇ ನೀರು ತರುತ್ತಿದ್ದಳು. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಯಾವ ಹುಡುಗಿಯ ಹೆಸರೂ ಗೊತ್ತಿರಲಿಲ್ಲ. ಪುಣ್ಯಕ್ಕೆ ಬಸ್ಸು ಹಾರ್ನ್ ಹೊಡೆಯಿತು.

ಆಮೇಲೆ ಎಲ್ಲ ಬುಟ್ಟಿಗಳೂ ಒಂದೊಂದಾಗಿ ತಿರುಗಿ ಬಂದವು, ಫಕೀರವ್ವನ ಕರಿಬೇವು ತಿರುಗಿ ಹೋಯಿತು. ಪ್ರೋಗ್ರಾಮಿನ 'ಮೊತ್ತ'ದಲ್ಲಿ ಅಗಲವೇನು, ಮುರುಕೇನು, ಎಲ್ಲರ ಮುಂದೆಯೂ ಒಂದೇ ಒಂದು ರೂಪಾಯಿ ಹಾಕಿ ಅದರ ಬಾಯಿ ಮುಚ್ಚಿಸಿದೆ. ಹಾನಗಲ್ಲಿನಲ್ಲಿ ರೊಟ್ಟಿಯ ದರ ಹೀಗೆ ಏಕಾಏಕಿ ಕುಸಿಯಲು ಕಾರಣವೇನೆಂದು ಮುಂಬಯಿಯವರು ಪತ್ರ ಬರೆದರು. ನಾನು ಮೂರು ಪುಟ ಉತ್ತರ ಬರೆದೆ. ಅದನ್ನು ಷರಾದ ಜಾಗದಲ್ಲಿ ಒಂದು ಸಾಲಿನಲ್ಲಿ ತುಂಬಬೇಕೆಂದು ಅವರಿಂದ ಮರುಪತ್ರ ಬಂತು.

ನಾನು ಹೇಳಬೇಕಾದದ್ದು ಆ ಮೊದಲ ಬುಟ್ಟಿಯ ಮಾತು. ಅದನ್ನು ಇಳಿಸಿದ ದಿನವೇ, ಸಂತೆಗೆ ಇನ್ನೂ ಸಮಯವಿರುವಾಗಲೇ, ಹುಡುಗಿಯರು ಊಟಕ್ಕೆ ಸಾಲಾಗಿ ಕುಳಿತಾಗ ನಾನು ಮೊದಲ ಸಲ ಊಟದ ಪಡಸಾಲೆಯ ಒಳಗೆ ಕಾಲಿಟ್ಟೆ. ಅವರು ನನ್ನನ್ನು ಕಂಡದ್ದು ಕಿಟಕಿಯೊಳಗೆ, ಮಿಶನ್ನಿನ ಮುಂದೆ ಮಾತ್ರ. ಕೈಯಲ್ಲಿ ಕಾಗದ, ಪೆನ್ನು. ಕಟುಂ ಕುಟುಂ ಎಂದು ಇಡೀ ಪಡಸಾಲೆ ರೊಟ್ಟಿ ಕಡಿಯುತ್ತಿತ್ತು. ಟ್ರಂಕಿನ ಹುಡುಗಿ ಬಾಗಿಲ ಹತ್ತಿರವೇ ಇದ್ದಳು. ಅವಳ ಮುಂದೆ ಬಗ್ಗಿ, ಆದಷ್ಟು ಮೆತ್ತಗೆ, "ನಿನ್ನ ಹೆಸರೇನವಾ?" ಎಂದೆ. ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಾಟನ್ನು ತನ್ನ ಕಡೆ ಒಂದಿಷ್ಟು ಎಳೆದುಕೊಂಡು, ಒಳಗಿದ್ದ ಫಕೀರವ್ವನಿಗೆ ಕೂಗಿ ಹೇಳಿದಳು:

"ಫಕೀರಕ್ಕಾ, ಮಿಶನ್ ರಿಪೇರಿಯವರು ಬಂದಾರ ನೋಡಬೇ! ಮಿಶನ್ನು ಕೆಟ್ಟೇತೇನು?"

ಫಕೀರವ್ವ ಚಟ್ನಿಯ ಬೋಗಾಣಿ ಹಿಡಿದು ಹೊರಗೆ ಬಂದಳು. ನನ್ನನ್ನೂ ನೋಡಿದಳು, ನನ್ನ ಕೈಯ ಕಾಗದವನ್ನೂ ನೋಡಿದಳು.

"ಮಿಶನ್ನು ಬರೋಬರಿ ಐತೆವಾ ಸಾವಕ್ಕಾ" ಎಂದಳು. "ರಿಪೇರಿಗೆ ಬಂದಾವ್ರು ಇವರ. ಸರಕೊಂಡು ಜಾಗಾ ಕೊಡು, ಒಂದು ತಾಟು ಹಾಕೂನು."

ಸಾವಕ್ಕ ಸರಿದು ಜಾಗ ಕೊಟ್ಟಳು, ನಾನು ಕುಳಿತೆ.